ಚಳಿ ಬರುತ್ತದೆ, ನಿಲ್ಲುವುದಿಲ್ಲ

ಪ್ರಶ್ನೆ: ‘ನಮ್ಮ ಕಾಲದ ಚಳಿ ಈಗೆಲ್ಲಿ?’ ಎಂದು ಹಿರಿಯರು ಹೇಳುವುದು ಪ್ರತಿ ತಲೆಮಾರಿನಲ್ಲೂ ಇದ್ದದ್ದೇ. ಜಗತ್ತಿನ ಚಳಿಗಾಲ ನಿಜಕ್ಕೂ ಬದಲಾಗಿದೆಯೇ, ಇಲ್ಲವೇ ಇದು ಬರಿಯ ನೆನಪಿನ ಆಟವೇ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಬಾಲ್ಯದಲ್ಲಿ ಕಂಡ ಒಂದು ಕಡುಚಳಿ ಮನಸ್ಸಿನಲ್ಲಿ ಉಳಿದು, ಅದರ ಅಕ್ಕಪಕ್ಕದ ಹತ್ತು ಸಾಧಾರಣ ವರ್ಷಗಳು ಅಳಿಸಿಹೋಗಿರುತ್ತವೆ. ಆದ್ದರಿಂದ ನೆನಪನ್ನು ಬದಿಗಿಟ್ಟು, ಬರೆದಿಟ್ಟದ್ದನ್ನೇ ನೋಡೋಣ. ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿದ ದಿನವನ್ನು ಅಲ್ಲಿನ ಶಿಂಟೋ ದೇಗುಲದ ಅರ್ಚಕರು 1443ರಿಂದಲೂ ದಾಖಲಿಸುತ್ತ ಬಂದಿದ್ದಾರೆ. ರಾತ್ರಿಯ ಚಳಿಗೆ ಕುಗ್ಗಿ, ಹಗಲಿನ ಬಿಸಿಲಿಗೆ ಹಿಗ್ಗುವ ಮಂಜುಗಡ್ಡೆ ಭಾರಿ ಸದ್ದಿನೊಂದಿಗೆ ಬಿರಿದು, ಬಿರುಕಿನ ಉದ್ದಕ್ಕೂ ಅದರ ಹೋಳುಗಳು ಏಣಿನಂತೆ ಮೇಲೆದ್ದು ನಿಲ್ಲುತ್ತವೆ. ದೇವರು ಆಚೆ ದಡದ ದೇವಿಯನ್ನು ಕಾಣಲು ನಡೆದುಹೋದ ಹಾದಿಯದು ಎಂಬುದು ಅಲ್ಲಿನವರ ನಂಬಿಕೆ. ದಾಖಲೆಯ ಮೊದಲ 250 ವರ್ಷಗಳಲ್ಲಿ ಸರೋವರ ಹೆಪ್ಪುಗಟ್ಟದ ವರ್ಷಗಳು ಮೂರೇ ಮೂರು. ಈಗಲೂ ಅರ್ಚಕರು ಜನವರಿಯ ಮುಂಜಾವಿನಲ್ಲಿ ದಡಕ್ಕೆ ಬಂದು ನೀರಿನ ತಾಪ ಅಳೆಯುತ್ತಾರೆ. ಆದರೆ 2018ರ ನಂತರ ಹಲವು ವರ್ಷ ಸತತವಾಗಿ ಆ ಏಣು ಕಾಣಿಸಿಲ್ಲ.

ನೆದರ್ಲೆಂಡ್ಸ್‌ನಲ್ಲಿ 11 ಪಟ್ಟಣಗಳನ್ನು ಹಾದು, ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಸುಮಾರು 200 ಕಿಲೋಮೀಟರ್ ಸಾಗುವ ಸ್ಕೇಟಿಂಗ್ ಓಟವೊಂದಿದೆ. 1909ರಲ್ಲಿ ಶುರುವಾದ ಅದು ಈವರೆಗೆ ನಡೆದದ್ದು 15 ಬಾರಿ, ಕೊನೆಯದಾಗಿ 1997ರ ಜನವರಿ 4ರಂದು. ದಾರಿಯುದ್ದಕ್ಕೂ ಮಂಜುಗಡ್ಡೆ 15 ಸೆಂಟಿಮೀಟರ್ ದಪ್ಪವಿರಬೇಕು ಎಂಬುದು ಷರತ್ತು. ಅಷ್ಟು ದಪ್ಪಗಟ್ಟಲು ಒಂದೆರಡು ರಾತ್ರಿಯ ಕಡುಚಳಿ ಸಾಲದು, ಚಳಿ ಬಿಡದೆ ನಿಲ್ಲಬೇಕು. ಚಳಿಗಾಲದಲ್ಲಿ ಬದಲಾಗಿರುವುದು ಮುಖ್ಯವಾಗಿ ಈ ನಿಲ್ಲುವ ಗುಣವೇ ಎಂದು ನನಗೆ ತೋರುತ್ತದೆ.

ಪ್ರಶ್ನೆ: ಭೂಮಿ ಬಿಸಿಯಾಗುತ್ತಿದ್ದರೆ ಎಲ್ಲ ಋತುಗಳೂ ಒಂದೇ ಸಮನಾಗಿ ಬಿಸಿಯಾಗಬೇಕಲ್ಲವೇ?

ಉತ್ತರ: ಇಲ್ಲ. 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ಸರಾಸರಿ ತಾಪ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಆದರೆ ಈ ಸರಾಸರಿ ಬಹಳಷ್ಟನ್ನು ಮುಚ್ಚಿಡುತ್ತದೆ. 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ, ಅಲ್ಲಿಯೂ ಬೇಸಿಗೆಗಿಂತ ಶರತ್ಕಾಲ ಮತ್ತು ಚಳಿಗಾಲಗಳಲ್ಲೇ ಏರಿಕೆ ಹೆಚ್ಚು. ಬೇಸಿಗೆಯಲ್ಲಿ ಬಂದ ಶಾಖವೆಲ್ಲ ಮಂಜುಗಡ್ಡೆ ಕರಗಿಸುವುದಕ್ಕೂ ಅದರ ಹೊದಿಕೆ ಕಳಚಿದ ಕಡಲನ್ನು ಕಾಯಿಸುವುದಕ್ಕೂ ಖರ್ಚಾಗುತ್ತದೆ. ಕತ್ತಲ ತಿಂಗಳುಗಳು ಬಂದಾಗ ಕಡಲು ಆ ಸಾಲವನ್ನು ಗಾಳಿಗೆ ತೀರಿಸತೊಡಗುತ್ತದೆ. ಅದೂ ಅಲ್ಲದೆ, ಚಳಿಗಾಲದಲ್ಲಿ ತಣ್ಣನೆಯ ಭಾರವಾದ ಗಾಳಿ ನೆಲಕ್ಕಂಟಿ ತೆಳುವಾದ ಪದರವಾಗಿ ಮಲಗಿರುತ್ತದೆ. ಪಾತ್ರೆಯಲ್ಲಿ ನೀರು ಕಡಿಮೆಯಿದ್ದಷ್ಟೂ ಬೇಗ ಕಾಯುವಂತೆ, ಈ ತೆಳು ಪದರ ಸ್ವಲ್ಪ ಶಾಖಕ್ಕೇ ಹೆಚ್ಚು ಬಿಸಿಯಾಗುತ್ತದೆ.

ಪ್ರಶ್ನೆ: ಹಾಗಾದರೆ 2021ರ ಫೆಬ್ರವರಿಯಲ್ಲಿ ಅಮೆರಿಕದ ದಕ್ಷಿಣದ ಟೆಕ್ಸಾಸ್ ರಾಜ್ಯ ಹೆಪ್ಪುಗಟ್ಟಿದ್ದು ಹೇಗೆ?

ಉತ್ತರ: ಡಲ್ಲಾಸ್‌ನಲ್ಲಿ ಅಂದು ತಾಪ −19 ಡಿಗ್ರಿಗೆ ಇಳಿಯಿತು, ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಇದರ ಹಿನ್ನೆಲೆಯಲ್ಲಿ ಕೇಳಿಬರುವ ಹೆಸರು ಪೋಲಾರ್ ವೋರ್ಟೆಕ್ಸ್, ಅಂದರೆ ಧ್ರುವದ ಸುಳಿ. ಸೂರ್ಯನೇ ಕಾಣದ ಧ್ರುವರಾತ್ರಿಯಲ್ಲಿ, ನೆಲದಿಂದ ಸುಮಾರು 15ರಿಂದ 50 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದ ಬಿರುಗಾಳಿ ಧ್ರುವವನ್ನು ಸುತ್ತುವರಿದು ತಿರುಗುತ್ತ, ಕೊರೆಯುವ ಗಾಳಿಯನ್ನು ಒಳಗೇ ಹಿಡಿದಿಟ್ಟಿರುತ್ತದೆ. ಕೆಳಗಿನ ವಾತಾವರಣದಿಂದ ಮೇಲೇರಿದ ದೊಡ್ಡ ಅಲೆಗಳು ಬಡಿದಾಗ ಸುಳಿ ಪಕ್ಕಕ್ಕೆ ಸರಿಯುತ್ತದೆ ಅಥವಾ ಎರಡಾಗಿ ಒಡೆಯುತ್ತದೆ. ಆ ಎತ್ತರದ ಗಾಳಿ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾಗುತ್ತದೆ, ಆದರೆ ಕೆಳಗೆ ನೆಲದ ಬಳಿ ಧ್ರುವದ ಚಳಿಗಾಳಿ ದಕ್ಷಿಣಕ್ಕೆ ಜಾರುವ ಸಾಧ್ಯತೆ ಹೆಚ್ಚುತ್ತದೆ. ಎತ್ತರದ ಈ ಹಠಾತ್ ಬಿಸಿಯನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಬರ್ಲಿನ್‌ನಲ್ಲಿ, ಹವಾಮಾನ ವಿಜ್ಞಾನಿ ರಿಚರ್ಡ್ ಶೆರ್‌ಹಾಗ್. ಸುಳಿ ಒಡೆಯುವುದು ಹೊಸತಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹೊಸತೆಂದರೆ ಅದರ ಮೇಲಿನ ವಾದ. ಧ್ರುವಕ್ಕೂ ಸಮಭಾಜಕಕ್ಕೂ ನಡುವಿನ ತಾಪದ ಅಂತರ ಕಡಿಮೆಯಾದರೆ ಜೆಟ್ ಪ್ರವಾಹ, ಅಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿಯ ಪಟ್ಟಿ, ಸೊರಗಿ ಹೆಚ್ಚು ಅಂಕುಡೊಂಕಾಗಿ ಹರಿಯುತ್ತದೆ, ಆಗ ಉತ್ತರದ ಚಳಿ ದಕ್ಷಿಣಕ್ಕೆ ಜಾರುತ್ತದೆ ಎಂದು 2012ರಲ್ಲಿ ಹವಾಮಾನ ವಿಜ್ಞಾನಿಗಳಾದ ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀವನ್ ವಾವ್ರಸ್ ವಾದಿಸಿದರು. ವಾದ ಆಕರ್ಷಕವಾಗಿದೆ, ಆದರೆ ಕಂಪ್ಯೂಟರ್ ಮಾದರಿಗಳು ಅದನ್ನು ಗಟ್ಟಿಯಾಗಿ ಬೆಂಬಲಿಸುವುದಿಲ್ಲ, ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಪ್ರತಿ ಶೀತಗಾಳಿಗೂ ಈ ಕಾರಣವನ್ನೇ ಅಂಟಿಸುವ ಸುದ್ದಿವಾಹಿನಿಗಳ ಆತುರ ನನಗೆ ಒಪ್ಪಿತವಲ್ಲ. ತಕರಾರಿಲ್ಲದ ಮಾತೆಂದರೆ, 1950ರಿಂದೀಚೆಗೆ ಬಹುತೇಕ ಭೂಪ್ರದೇಶಗಳಲ್ಲಿ ಶೀತಗಾಳಿಗಳು ಕಡಿಮೆಯಾಗಿವೆ, ಬಂದವುಗಳ ಕಡುಪೂ ತಗ್ಗಿದೆ.

ಪ್ರಶ್ನೆ: ಚಳಿ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ?

ಉತ್ತರ: ಮನೆ ಬೆಚ್ಚಗಿಡುವ ಖರ್ಚಿನ ಮಟ್ಟಿಗೆ ಹೌದು. ಆದರೆ ಕಡುಚಳಿ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೂ ಇದ್ದವು. ಪಶ್ಚಿಮ ಕೆನಡಾದ ಪೈನ್ ಮರಗಳ ತೊಗಟೆಯಡಿ ಚಳಿಗಾಲ ಕಳೆಯುವ ದುಂಬಿಯ ಮರಿಹುಳುಗಳು ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು ಹೆಪ್ಪುಗಟ್ಟದೆ ಉಳಿಯುತ್ತವೆ. ನಡುಚಳಿಗಾಲದಲ್ಲಿ ಅವನ್ನು ಕೊಲ್ಲಲು −40 ಡಿಗ್ರಿಯಷ್ಟು ಚಳಿ ಬೇಕು. ಅಂಥ ಚಳಿ ಅಪರೂಪವಾದಂತೆ, 1990ರ ದಶಕದಿಂದೀಚೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್ ಕಾಡಿಗೆ ಈ ಪಿಡುಗು ತಗುಲಿತು.

ಇನ್ನೊಂದು ಉದಾಹರಣೆ ಸೈಬೀರಿಯದ ಯಮಾಲ್ ಪರ್ಯಾಯದ್ವೀಪದ್ದು. ಅಲ್ಲಿನ ಹಿಮಸಾರಂಗಗಳು ಗೊರಸಿನಿಂದ ಹಿಮ ಕೆದಕಿ ಅಡಿಯ ಕಲ್ಲುಹೂವು ಮೇಯುತ್ತವೆ. 2013ರ ನವೆಂಬರ್‌ನಲ್ಲಿ ಹಿಮದ ಮೇಲೆ ಮಳೆ ಸುರಿದು, ಮರುಕ್ಷಣದ ಚಳಿಗೆ ಅದು ಗಾಜಿನಂಥ ಗಟ್ಟಿ ಪದರವಾಯಿತು. ಮೇವು ಗೊರಸಿನ ಕೆಳಗೇ ಇದ್ದರೂ ಸುಮಾರು 61,000 ಸಾರಂಗಗಳು ಹಸಿವಿನಿಂದ ಸತ್ತವು. ಅವನ್ನು ಕೊಂದದ್ದು ಚಳಿಯಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ಬೆಚ್ಚನೆಯ ಮಳೆ.

ಪ್ರಶ್ನೆ: ದಕ್ಷಿಣ ಗೋಳಾರ್ಧದಲ್ಲೂ ಹೀಗೆಯೇ?

ಉತ್ತರ: ಅಲ್ಲಿ ನೆಲ ಕಡಿಮೆ, ಕಡಲು ಹೆಚ್ಚು; ಬದಲಾವಣೆಯ ರೂಪವೇ ಬೇರೆ. ಅಂಟಾರ್ಕ್‌ಟಿಕದ ಸುತ್ತಲಿನ ಕಡಲ ಮಂಜುಗಡ್ಡೆ ಪ್ರತಿ ಸೆಪ್ಟೆಂಬರ್‌ನಲ್ಲಿ ಗರಿಷ್ಠ ವಿಸ್ತಾರ ತಲುಪುತ್ತದೆ; 2023ರಲ್ಲಿ ಅದು ಸುಮಾರು 1.7 ಕೋಟಿ ಚದರ ಕಿಲೋಮೀಟರ್‌ಗೇ ನಿಂತು, 1979ರಿಂದೀಚಿನ ಉಪಗ್ರಹ ದಾಖಲೆಯಲ್ಲೇ ಕನಿಷ್ಠ ಎನಿಸಿತು. ಆಸ್ಟ್ರೇಲಿಯದ ನೈಋತ್ಯ ಮೂಲೆಗೆ ಚಳಿಗಾಲವೇ ಮಳೆಗಾಲ. ಮಳೆ ತರುತ್ತಿದ್ದ ಮಾರುತಗಳು ದಕ್ಷಿಣದತ್ತ ಸರಿದಿದ್ದರಿಂದ 1970ರ ನಂತರ ಮೇನಿಂದ ಜುಲೈವರೆಗಿನ ಮಳೆ ಐದರಲ್ಲೊಂದು ಪಾಲಿನಷ್ಟು ಕುಗ್ಗಿದೆ. ಒಣಗಿದ ನೆಲವೇ ಬಿದ್ದ ನೀರನ್ನು ಹೀರುವುದರಿಂದ ಅಣೆಕಟ್ಟುಗಳ ಒಳಹರಿವು ಅದಕ್ಕಿಂತ ಎಷ್ಟೋ ಹೆಚ್ಚು ಇಳಿದಿದ್ದು, ಪರ್ತ್ ನಗರ ಈಗ ಕುಡಿಯುವ ನೀರಿಗೆ ಬಹುಪಾಲು ಅಂತರ್ಜಲವನ್ನೂ, ಕಡಲ ನೀರನ್ನು ಸಿಹಿಯಾಗಿಸುವ ಘಟಕಗಳನ್ನೂ ನೆಚ್ಚಿಕೊಂಡಿದೆ.