ಲಿಬಿಯಾದಲ್ಲಿ ಒತ್ತೆಯಾಗಿರುವ ತಮ್ಮ: ಮನವಿಗೆ ಯಾಕೆ ಉತ್ತರ ಬಂದಿಲ್ಲ

ಲಿಬಿಯಾದಲ್ಲಿ ಒತ್ತೆಯಾಗಿರುವ ತಮ್ಮನನ್ನು ಬಿಡಿಸಿ ಅಂತ ಸಕಲೇಶಪುರದಲ್ಲಿ ಸಹಿ ಮಾಡಿಸಿ ಮನವಿ ಕೊಟ್ಟಿರಿ, ಉತ್ತರವೇ ಬಂದಿಲ್ಲ ಯಾಕೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ಇಷ್ಟೇ: ಇಂಥ ಕೇಸು ನೋಡುವುದು ದೆಹಲಿಯ ವಿದೇಶಾಂಗ ಸಚಿವಾಲಯ, ಅಲ್ಲಿ ನಿಮ್ಮ ತಮ್ಮನ ಹೆಸರಲ್ಲಿ ಫೈಲೇ ತೆರೆದಿರಲಿಕ್ಕಿಲ್ಲ. ನಮ್ಮ ಭಾವನ ವಿಷಯದಲ್ಲಿ ನಾವೂ ಇದೇ ತಪ್ಪು ಮಾಡಿದ್ದೆವು.

ಮೊದಲು ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ (ವಿದೇಶದಲ್ಲಿ ಕಷ್ಟಕ್ಕೆ ಸಿಕ್ಕ ಭಾರತೀಯರ ದೂರು ತೆಗೆದುಕೊಳ್ಳುವ ವೆಬ್‌ಸೈಟ್) ದೂರು ದಾಖಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಪ್ರತಿ, ಕಂಪನಿ ವಿಳಾಸ, ಕೊನೆಯ ಫೋನ್ ಬಂದ ದಿನ ಎಲ್ಲ ಕೊಡಿ. ಆಮೇಲೆ ಅದೇ ನಂಬರ್ ಕಾಣಿಸಿ ಸಂಸದರಿಗೆ ಪತ್ರ ಕೊಡಿ, ಅವರು ಸಚಿವರಿಗೆ ಬರೆದ ಪತ್ರದ ಪ್ರತಿ ಕೇಳಿ ಇಸ್ಕೊಳ್ಳಿ, ಸುಮ್ನೆ 'ಮಾತಾಡಿದ್ದೇನೆ' ಅಂದರೆ ಎದ್ದು ಬರಬೇಡಿ. ಇವರೆಲ್ಲರ ಜೊತೆ ಮನೆಯಿಂದ ಒಬ್ಬರೇ ಮಾತಾಡಲಿ.

ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ಧರಣಿ ಕೂರಬೇಕಾ ಅಂತ ಕೇಳಿದ್ದೀರಿ. ಹಿಡಿದಿರುವುದು ಸರ್ಕಾರವಾದರೆ ಪ್ರಚಾರದಿಂದ ಕೆಲವೊಮ್ಮೆ ಒತ್ತಡ ಬರುತ್ತದೆ. ಬಂದೂಕಿನ ಗುಂಪಾದರೆ ಅವರು ಕೇಳುವ ದುಡ್ಡು ಜಾಸ್ತಿಯಾಗಲೂಬಹುದು. ಖಚಿತವಾಗಿ ಹೇಳಲಾರೆ, ಫೈಲ್ ನೋಡುವ ಅಧಿಕಾರಿಯನ್ನು ಕೇಳಿಯೇ ಕೂರಿ. ಎಷ್ಟು ದಿನ ಹಿಡಿಯುತ್ತದೆ ಅಂತಲೂ ಹೇಳಲಾಗದು: 2015ರಲ್ಲಿ ಲಿಬಿಯಾದ ಸಿರ್ತ್ ನಗರದಲ್ಲಿ ಹಿಡಿದಿಟ್ಟಿದ್ದ ನಾಲ್ವರು ಭಾರತೀಯರಲ್ಲಿ ನಮ್ಮ ರಾಜ್ಯದ ಇಬ್ಬರು ಎರಡೇ ದಿನದಲ್ಲಿ ಹೊರಬಂದರು, ಉಳಿದಿಬ್ಬರಿಗೆ ವರ್ಷವೇ ದಾಟಿತು.

ದುಡ್ಡು ಕೇಳಿ ಫೋನ್ ಬಂದರೆ ಏನೂ ಒಪ್ಪಿಕೊಳ್ಳಬೇಡಿ. ನಂಬರ್, ಸಮಯ ಬರೆದುಕೊಂಡು ಅವತ್ತೇ ಸಚಿವಾಲಯಕ್ಕೂ ಪೊಲೀಸರಿಗೂ ತಿಳಿಸಿ.