ಎದ್ದಳು, ಎದ್ದನು, ಎದ್ದಿತು

ಪ್ರಶ್ನೆ: ನನಗೆ 24 ವರ್ಷ, ಲೆಕ್ಕಪತ್ರದ ಕೆಲಸ. ಹುಟ್ಟಿದಾಗ ಗಂಡು ಎಂದು ಬರೆಸಿದ್ದಾರೆ. ಎರಡು ವರ್ಷಗಳಿಂದ ರಾತ್ರಿ ಹೊತ್ತು ಒಂದು ನೀರುನಾಯಿಯ ಚಿತ್ರ ಬಿಡಿಸುತ್ತಿದ್ದೇನೆ. ಅದು ಎರಡು ಕಾಲಿನ ಮೇಲೆ ನಡೆಯುತ್ತದೆ, ಅಂಗಿ ತೊಡುತ್ತದೆ, ಮಾತನಾಡುತ್ತದೆ. ಮನುಷ್ಯರಂತೆ ವರ್ತಿಸುವ ಪ್ರಾಣಿಪಾತ್ರಗಳನ್ನು ಮೆಚ್ಚುವವರ ಫರಿ ಬಳಗದಲ್ಲಿ ಇದನ್ನು ಫರ್ಸೋನಾ ಎನ್ನುತ್ತಾರೆ, ಅಂದರೆ ಪ್ರಾಣಿಯ ರೂಪದಲ್ಲಿರುವ ನಾವೇ. ಆರು ತಿಂಗಳ ಹಿಂದೆ, ಏಕೆಂದು ಗೊತ್ತಿಲ್ಲ, ಅದನ್ನು ಹೆಣ್ಣಾಗಿ ಬಿಡಿಸಿದೆ. ಅದರ ಹೆಸರು ಮಿಂಚು. ಜೊತೆಗೂಡಿ ಕಥೆ ಕಟ್ಟುವ ಗೆಳೆಯರು 'ಮಿಂಚು ನದಿಗೆ ಹಾರಿದಳು' ಎಂದು ಬರೆದಾಗ ನನಗೆ ಅಳು ಬಂತು. ದುಃಖದ ಅಳುವಲ್ಲ. ಹಳೆಯ ಗೆಳೆಯನೊಬ್ಬ, 'ಇದನ್ನೆಲ್ಲ ನಿನ್ನ ತಲೆಗೆ ತುಂಬಿದ್ದೇ ಆ ಬಳಗ' ಎನ್ನುತ್ತಾನೆ. ನಾನು ನಿಜವಾಗಿಯೂ ಹೆಣ್ಣೋ, ಅಥವಾ ಚಿತ್ರಕ್ಕೆ ಮರುಳಾಗಿದ್ದೇನೋ? – ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಕ್ರಿಯಾಪದಗಳನ್ನು ಮಾತ್ರ ಓದಿದೆ. ಆಪ್ತ ಸಮಾಲೋಚನೆಗೆ ಬರುವ ಮೊದಲು ಹನ್ನೊಂದು ವರ್ಷ ವ್ಯಾಕರಣ ಪಾಠ ಮಾಡಿದವಳು ನಾನು, ಚಾಳಿ ಹೋಗಿಲ್ಲ. ಬಿಡಿಸುತ್ತಿದ್ದೇನೆ, ಬಿಡಿಸಿದೆ. ಎಲ್ಲಿಯೂ ಗಂಡಿಲ್ಲ, ಹೆಣ್ಣಿಲ್ಲ. ಹಿಂದಿಯಲ್ಲಿ ಬರೆದಿದ್ದರೆ 'ಬಿಡಿಸುತ್ತಿದ್ದೇನೆ' ಎನ್ನುವಲ್ಲೇ ನೀವು ಒಂದು ಪಕ್ಷ ಹಿಡಿಯಬೇಕಾಗುತ್ತಿತ್ತು. ಕನ್ನಡದ 'ನಾನು' ಆ ಒತ್ತಾಯ ಮಾಡುವುದಿಲ್ಲ. ನಮ್ಮಲ್ಲಿ ಲಿಂಗ ಬಂದು ಅಂಟಿಕೊಳ್ಳುವುದು ಬೇರೆಯವರು ನಮ್ಮ ಬಗ್ಗೆ ಮಾತನಾಡುವಾಗ. ಹಾಗಾಗಿ ನಿಮಗೆ ಅಳು ಬಂದದ್ದು ಚಿತ್ರಕ್ಕಲ್ಲ, ಒಂದು ಪ್ರತ್ಯಯಕ್ಕೆ. ಪ್ರಾಣಿಯಾದ್ದರಿಂದ ಅವರು 'ಹಾರಿತು' ಎಂದೂ ಬರೆಯಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು 'ಹಾರಿದಳು' ಎಂದರು. ನಿಮ್ಮನ್ನು ಯಾರೂ ಅಲ್ಲಿಯವರೆಗೆ ಹಾಗೆ ಕರೆದಿರಲಿಲ್ಲ.

ಪ್ರಾಣಿಯೇ ಏಕೆ ಬೇಕಾಯಿತು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನುಷ್ಯ ಹೆಣ್ಣನ್ನು ಬಿಡಿಸಲು ಕೂತರೆ ಪಕ್ಕದಲ್ಲಿ ಕನ್ನಡಿಯೂ ಬಂದು ಕೂರುತ್ತದೆ. ನನ್ನ ಭುಜ ಇಷ್ಟು ಅಗಲ, ದವಡೆ ಹೀಗೆ, ಗಡ್ಡ ಹೀಗೆ ಎಂಬ ಲೆಕ್ಕ ಶುರುವಾಗುತ್ತದೆ. ನೀರುನಾಯಿಯಲ್ಲಿ ಗಂಡು ತುಸು ದೊಡ್ಡದು ಎನ್ನುವುದನ್ನು ಬಿಟ್ಟರೆ ನೋಟಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೀಸೆಯಂತೂ ಎರಡಕ್ಕೂ ಇದೆ! ಹೆಣ್ಣು ನೀರುನಾಯಿ ಹೀಗೆಯೇ ಇರಬೇಕು ಎಂದು ನಿಮಗೆ ಬಾಲ್ಯದಿಂದ ಯಾರೂ ಬುದ್ಧಿ ಹೇಳಿಲ್ಲ. ಆದ್ದರಿಂದಲೇ ಅಲ್ಲಿ ಕೈ ಸರಾಗವಾಗಿ ಓಡಿತು.

ಇನ್ನು ಗೆಳೆಯನ ಆರೋಪ. ಅದರಲ್ಲಿ ಒಂದು ಹಿಡಿ ಸತ್ಯವಿದೆ, ತಳ್ಳಿಹಾಕುವುದಿಲ್ಲ. 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಎಂಬ ಸಂಶೋಧಕರು ಕಂಪ್ಯೂಟರಿನ ಕೃತಕ ಲೋಕದಲ್ಲಿ ಕೆಲವರಿಗೆ ಎತ್ತರದ ದೇಹವನ್ನೂ ಕೆಲವರಿಗೆ ಗಿಡ್ಡ ದೇಹವನ್ನೂ ಕೊಟ್ಟು ನೋಡಿದರು. ಎತ್ತರದ ದೇಹ ಸಿಕ್ಕವರು ಹಣ ಹಂಚಿಕೊಳ್ಳುವ ಆಟದಲ್ಲಿ ಹೆಚ್ಚು ಬಿಗಿಯಾಗಿ ಚೌಕಾಸಿ ಮಾಡಿದರು. ತೊಟ್ಟ ರೂಪ ನಮ್ಮ ನಡತೆಯನ್ನು ಬದಲಿಸುತ್ತದೆ, ನಿಜ. ಆದರೆ ಅದು ನಡತೆಯ ಮಾತು. ಹೇಳಿಕೊಟ್ಟ ಪಾತ್ರವಾದರೆ ಸಾಮಾನ್ಯವಾಗಿ ಶ್ರಮವೆನಿಸುತ್ತದೆ. ನಿಮ್ಮ ಪತ್ರದಲ್ಲಿ ಕಂಡದ್ದು ಶ್ರಮವಲ್ಲ, ಭಾರ ಇಳಿಸಿದವರ ಉಸಿರು. ಅಲ್ಲದೆ ಈ ಬಳಗ ಇಂದು ನಿನ್ನೆಯದಲ್ಲ. ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮತ್ತು ಪ್ರಾಣಿಪಾತ್ರಗಳ ಚಿತ್ರಕಥೆ ಬರೆಯುವವರ ನಡುವೆ 1980ರ ದಶಕದಲ್ಲಿ ಬೆಳೆದು, 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಕಾನ್‌ಫರೆನ್ಸ್' ಎಂಬ ತನ್ನದೇ ಸಮ್ಮೇಳನ ನಡೆಸಿತು. 'ಫರ್', ಅಂದರೆ ತುಪ್ಪಳ, ಹೆಸರಿನೊಳಗೇ ಅಡಗಿದೆ, ಅವರ ಶ್ಲೇಷೆ ನನಗೆ ಇಷ್ಟ. ಲಿಂಗತ್ವ ಅಲ್ಪಸಂಖ್ಯಾತರ ಪ್ರಮಾಣ ಇಲ್ಲಿ ಹೊರಗಿಗಿಂತ ಹೆಚ್ಚು ಎಂದು ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಬಳಗ ಅವರನ್ನು ಹಾಗೆ ಮಾಡಿತು ಎನ್ನುವುದಕ್ಕಿಂತ, ಬಾಗಿಲು ತೆರೆದಿದ್ದ ಮನೆಗೆ ಅವರು ಬಂದರು ಎನ್ನುವುದೇ ನನಗೆ ನಂಬಿಕೆಗೆ ಹತ್ತಿರ.

ಈಗ ಒಂದು ಮನೆಕೆಲಸ. ಒಂದೇ ಬೆಳಗನ್ನು ನಾಲ್ಕು ಪುಟಗಳಲ್ಲಿ ನಾಲ್ಕು ಸಲ ಬರೆಯಿರಿ: ಎದ್ದನು, ಎದ್ದಳು, ಎದ್ದರು, ಎದ್ದಿತು. ನೀರುನಾಯಿ ಬರಕೂಡದು, ನೀವೇ ಇರಬೇಕು. ಹಲ್ಲುಜ್ಜುವುದು, ಬಸ್ಸಿಗೆ ಕಾಯುವುದು, ಲೆಕ್ಕದ ಹಾಳೆಯಲ್ಲಿ ಮೊತ್ತ ಹೊಂದದೆ ತಲೆ ಕೆರೆದುಕೊಳ್ಳುವುದು. ಒಂದು ವಾರ ಮುಚ್ಚಿಟ್ಟು, ಒಬ್ಬರೇ ಇರುವಾಗ ಗಟ್ಟಿಯಾಗಿ ಓದಿ. ಯಾವ ಪುಟದಲ್ಲಿ ನಾಲಗೆ ತಡವರಿಸಿತು, ಯಾವ ಪುಟದಲ್ಲಿ ಪ್ರತ್ಯಯ ಇದ್ದದ್ದೇ ಮರೆತುಹೋಯಿತು ನೋಡಿ. ಇಷ್ಟು ಸಪ್ಪೆ ಕೆಲಸ ಏಕೆ ಕೊಟ್ಟೆನೆಂದರೆ, ನದಿಗೆ ಹಾರುವಾಗ ಯಾರಾದರೂ ಖುಷಿಯಾಗಿಯೇ ಇರುತ್ತಾರೆ. ಹಲ್ಲುಜ್ಜುವಾಗಲೂ 'ಉಜ್ಜಿದಳು' ಹಿತವಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಹಿತವಾಗಿದ್ದರೆ ಅದೊಂದು ಸುಳಿವು. ಇಲ್ಲವಾದರೂ ಮಿಂಚು ಹೆಣ್ಣಾಗಿಯೇ ಇರಲಿ, ಅವಳನ್ನು ಅಳಿಸಬೇಡಿ. ಕಾಗದದಲ್ಲಿ 'ಅವಳು', ಬೀದಿಯಲ್ಲಿ 'ಅವನು' ಆಗಿ ನೆಮ್ಮದಿಯಿಂದ ಇರುವವರನ್ನೂ ಕಂಡಿದ್ದೇನೆ. ದರ್ಜಿ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡುವುದು ಬಿಚ್ಚಲು ಸುಲಭವಾಗಲಿ ಎಂದೇ.

ಕಾಯಿಲೆಯ ಭಯವಿದ್ದರೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ, ಹುಟ್ಟಿದಾಗ ಬರೆಸಿದ ಲಿಂಗ ಒಳಗಿನ ಅನುಭವಕ್ಕೆ ಹೊಂದದಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. ಆ ಆವೃತ್ತಿ 2022ರಿಂದ ಜಾರಿಯಲ್ಲಿದೆ. 'ವಾಸಿ ಮಾಡುತ್ತೇನೆ' ಎನ್ನುವ ಸಲಹೆಗಾರರ ಬಳಿ ಎರಡನೆಯ ಸಲ ಹೋಗಬೇಡಿ. ಮನೆಯವರ ಆಸರೆಯಲ್ಲಿದ್ದೀರಾದರೆ ಅವರಿಗೆ ಹೇಳುವ ಅವಸರವೂ ಬೇಡ. ಮೊದಲು ನಂಬಿಕೆಯ ಒಬ್ಬರು ಸಾಕು.

ಪ್ರಶ್ನೆ: ನಮ್ಮ ಮಗಳಿಗೆ 20 ವರ್ಷ. ಫೋಮು, ಕೃತಕ ತುಪ್ಪಳ ತಂದು, ತೊಟ್ಟುಕೊಳ್ಳುವ ತೋಳದ ತಲೆ ಮಾಡಿಕೊಂಡಿದ್ದಾಳೆ. ಈಗ 'ನನ್ನನ್ನು ಅವಳು ಎನ್ನಬೇಡಿ, ಅವರು ಎನ್ನಿ' ಎನ್ನುತ್ತಾಳೆ. ಹೆತ್ತ ಮಗಳಿಗೆ ಬಹುವಚನವೇ? ನಾಳೆ ತಾನು ತೋಳವೇ ಎಂದರೆ? – ಒಬ್ಬ ತಂದೆ

ಉತ್ತರ: ತೋಳದ ಚಿಂತೆ ಮೊದಲು ಮುಗಿಸೋಣ. ಫರಿಗಳಲ್ಲಿ ಬಹುತೇಕರು ತಾವು ಪ್ರಾಣಿ ಎಂದು ನಂಬಿದವರಲ್ಲ. ಇಡೀ ವೇಷ ಹೊಂದಿದವರೂ ಅವರಲ್ಲಿ ಕಡಿಮೆಯೇ. ಶಾಲೆಗಳಲ್ಲಿ ಇಂಥ ಮಕ್ಕಳ ಶೌಚಕ್ಕಾಗಿ ಬೆಕ್ಕಿನ ಮರಳಿನ ತಟ್ಟೆ ಇಡುತ್ತಾರೆ ಎಂಬ ಸುದ್ದಿ ಅಮೆರಿಕದಲ್ಲಿ ಹಬ್ಬಿತ್ತು. ಪರಿಶೀಲಿಸಿದವರಿಗೆ ಸಿಕ್ಕಿದ್ದು ಬರೀ ವದಂತಿ.

ಬಹುವಚನದ ವಿಷಯ. ಬ್ಯಾಂಕಿನಲ್ಲಿ ನಿಮ್ಮ ಮಗುವಿನಷ್ಟೇ ವಯಸ್ಸಿನ ಗುಮಾಸ್ತರಿಗೆ 'ಅವರು' ಎನ್ನುವಾಗ ನಿಮ್ಮ ಹಿರಿತನವೇನೂ ಕುಗ್ಗುವುದಿಲ್ಲ. ಆದರೂ ನಿಮ್ಮ ಸಂಕಟ ಸುಳ್ಳಲ್ಲ. ಸ್ವಂತ ಮಗುವಿಗೆ 'ಅವರು' ಎಂದರೆ ಪರಕೀಯರಾದಂತೆ ಕೇಳಿಸುತ್ತದೆ. ನಿಮಗೊಂದು ಸಮಾಧಾನ ಹೇಳುತ್ತೇನೆ. ಎದುರಿಗಿದ್ದಾಗ 'ನೀನು ಯಾವಾಗ ಬಂದೆ?' ಎನ್ನಲು ಏನನ್ನೂ ಬದಲಿಸಬೇಕಿಲ್ಲ, ಅದಕ್ಕೆ ಲಿಂಗವೇ ಇಲ್ಲ. 'ಬಾರೇ' ಎನ್ನುವ ರೂಢಿಯಿದ್ದರೆ ಬಾಲ ಕತ್ತರಿಸಿ 'ಬಾ' ಎನ್ನಿ. 'ಅವರು' ಬೇಕಾಗುವುದು ಮೂರನೆಯವರ ಮುಂದೆ ಮಾತ್ರ. ಅಲ್ಲಿಯೂ ನಾಲಗೆ ಹೊರಳದಿದ್ದರೆ ಹೆಸರು ಹಿಡಿದು ಹೇಳಿ. ತಪ್ಪಿದರೆ ಭಾಷಣವಿಲ್ಲದೆ ತಿದ್ದಿಕೊಂಡು ಮುಂದೆ ಹೋಗಿ. ಅಂದಹಾಗೆ, ಆ ತೋಳದ ತಲೆಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ತಿಂಗಳುಗಟ್ಟಲೆ ಕೂತು ಹೊಲಿದದ್ದು ಅದು.

ಪ್ರಶ್ನೆ: ಮೊದಲ ಸಲ ನರಿಯ ತಲೆ ಮಾಡುತ್ತಿದ್ದೇನೆ. ಹೊಲಿಗೆಯ ಸಾಲಿನಲ್ಲಿ ತುಪ್ಪಳ ಬೋಳಾಗಿ ಕಾಣುತ್ತದೆ. ನರಿ ಗಂಡೋ ಹೆಣ್ಣೋ ಇನ್ನೂ ತೀರ್ಮಾನಿಸಿಲ್ಲ, ಅದಕ್ಕೂ ಸಲಹೆ ಕೊಡಿ. – ಕೆಂಪು ಬಾಲ

ಉತ್ತರ: ಎರಡನೆಯದಕ್ಕೆ ಸಲಹೆಯಿಲ್ಲ, ತಲೆ ಮುಗಿಯುವಷ್ಟರಲ್ಲಿ ನರಿಯೇ ಹೇಳುತ್ತದೆ ಅಥವಾ ಹೇಳುವುದಿಲ್ಲ. ಮೊದಲನೆಯದು ನನಗೆ ಚೆನ್ನಾಗಿ ಗೊತ್ತು. ಮಕ್ಕಳೊಡನೆ ಮಾತು ಆರಂಭಿಸಲು ಕೈಗೊಂಬೆ ಹೊಲಿಯುತ್ತೇನೆ. ಮೊದಲ ಕರಡಿಯ ತುಪ್ಪಳವನ್ನು ಮೇಲಿನಿಂದ ಕತ್ತರಿಯಲ್ಲಿ ಕಚಕಚನೆ ಕತ್ತರಿಸಿ, ಪಾಪ, ಅದಕ್ಕೆ ಕ್ಷೌರ ಮಾಡಿಸಿದಂತಾಗಿತ್ತು. ಬಟ್ಟೆಯನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಗೆರೆ ಎಳೆದು, ಹರಿತವಾದ ಬ್ಲೇಡಿನಿಂದ ಹಿಂಬದಿಯ ಬಟ್ಟೆಯನ್ನಷ್ಟೇ ಸೀಳಿ, ಎರಡೂ ಕಡೆಯಿಂದ ಮೆಲ್ಲಗೆ ಎಳೆಯಿರಿ. ಕೂದಲು ಇಡಿಯಾಗಿ ಉಳಿಯುತ್ತದೆ. ಕೂದಲು ಮಲಗುವ ದಿಕ್ಕಿಗೆ ಪ್ರತಿ ತುಂಡಿನ ಮೇಲೂ ಬಾಣದ ಗುರುತು ಹಾಕಿ, ಇಲ್ಲದಿದ್ದರೆ ಒಂದು ಕೆನ್ನೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬಾಚಿದಂತಿರುತ್ತದೆ. ಹೊಲಿಯುವಾಗ ಕೂದಲನ್ನು ಒಳಕ್ಕೆ ಮಡಚಿ, ಮುಗಿದ ಮೇಲೆ ಸಾಲಿನಲ್ಲಿ ಸಿಕ್ಕಿಬಿದ್ದದ್ದನ್ನು ದಪ್ಪ ಸೂಜಿಯಿಂದ ಎಬ್ಬಿಸಿ ಬಾಚಿ.

ಕಣ್ಣಿನ ಪಾಪೆಗೆ ಜಾಲರಿ ಬಟ್ಟೆ ಬಳಸಿ, ಬಣ್ಣ ಹೊರಬದಿಗೆ ಮಾತ್ರ. ಒಳಬದಿ ಕಪ್ಪಾಗಿದ್ದರೆ ನಿಮಗೆ ಹೊರಗಿನದು ಕಾಣುತ್ತದೆ. ತೊಟ್ಟುಕೊಂಡಾಗ ಒಳಗೆ ವಿಪರೀತ ಸೆಕೆ, ಮೊದಲ ದಿನವೇ ಗಂಟೆಗಟ್ಟಲೆ ಇರಬೇಡಿ. ನೀರು ಹತ್ತಿರವಿರಲಿ, ಕೈಹಿಡಿದು ನಡೆಸಲು ಒಬ್ಬರು ಜೊತೆಗಿರಲಿ. ಪಕ್ಕದ್ದೇನೂ ಕಾಣುವುದಿಲ್ಲ, ಮೆಟ್ಟಿಲಂತೂ ಕಾಣುವುದೇ ಇಲ್ಲ. ಕರಡಿಯ ತಲೆ ದೊಡ್ಡದಾಗಿ ಮಾಡಿ ಒಮ್ಮೆ ನಾನೇ ಹಾಕಿಕೊಂಡು, ಬಾಗಿಲೆಂದು ಕಪಾಟಿನೊಳಗೆ ಹೊಕ್ಕಿದ್ದೆ.