ಸ್ಕ್ಯಾನ್ ವರದಿಯ ಒಂದು ಸಾಲು ನಂಬಿ ಸ್ಟೀರಾಯ್ಡ್ ಬೇಡ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕು. ಅಪ್ಪನಿಗೆ 58 ವರ್ಷ, ಶುಗರ್ ಇದೆ. ಎರಡು ತಿಂಗಳಿಂದ ಹೊಕ್ಕುಳ ಸುತ್ತ ನೋವು, ಉಂಡ ಮೇಲೆ ಹೊಟ್ಟೆ ಉಬ್ಬರ. ಸಿ.ಟಿ. ಸ್ಕ್ಯಾನ್‌ನಲ್ಲಿ 'ಮೆಸೆಂಟರಿಕ್ ಪ್ಯಾನಿಕ್ಯುಲೈಟಿಸ್' ಎಂದು ಬಂದಿದೆ. ಇದು ಕ್ಯಾನ್ಸರಾ? ಸ್ಟೀರಾಯ್ಡ್ ತಗೊಂಡ್ರೆ ವಾಸಿಯಾಗುತ್ತೆ ಅಂತಾರೆ, ನಿಜವೇ?

ಉತ್ತರ: ಈ ಕಾಯಿಲೆ ಕ್ಯಾನ್ಸರ್ ಅಲ್ಲ. ಆದರೆ ಸಿ.ಟಿ.ಯಲ್ಲಿ ಇದರ ಹಾಗೆಯೇ ಕಾಣುವ ಕ್ಯಾನ್ಸರ್‌ಗಳಿವೆ. ಆ ಅನುಮಾನ ಬಗೆಹರಿಯದೆ ಸ್ಟೀರಾಯ್ಡ್ ಶುರುಮಾಡಬಾರದು.

ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳನ್ನು ಬೆನ್ನಿನ ಕಡೆಯ ಗೋಡೆಗೆ ಹಿಡಿದಿಡುವ ಕೊಬ್ಬಿನ ಪೊರೆಯೇ ಮೆಸೆಂಟರಿ. ಸೀರೆಯ ನೆರಿಗೆ ಸೊಂಟದಲ್ಲಿ ಒಂದು ಹಿಡಿ, ಕೆಳಗೆ ಅಗಲ ಇರುತ್ತದಲ್ಲ, ಹಾಗೆ. ಇದರ ಬುಡ ಬರೀ 15 ಸೆಂ.ಮೀ. ಈ ಕೊಬ್ಬು ಉರಿಯೂತದಿಂದ ಬಾತರೆ ಸ್ಕ್ಯಾನ್‌ನಲ್ಲಿ ಮಂಜು ಕವಿದಂತೆ ಕಾಣುತ್ತದೆ. ಎಷ್ಟೋ ಜನರಲ್ಲಿ ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನ್‌ನಲ್ಲಿ ಸಿಕ್ಕಿ, ಔಷಧಿಯೇ ಬೇಕಾಗುವುದಿಲ್ಲ. ಕೆಲವರಲ್ಲಿ ಮಾತ್ರ ಅದು ಗಟ್ಟಿಯಾಗಿ ಸುರುಟಿಕೊಂಡು ಕರುಳನ್ನು ಎಳೆಯುತ್ತದೆ.

ಲಿಂಫೋಮಾ, ಅಂದರೆ ದುಗ್ಧ ಗ್ರಂಥಿಗಳ ಕ್ಯಾನ್ಸರ್ ಇದ್ದವರಿಗೆ ಸ್ಟೀರಾಯ್ಡ್ ಕೊಟ್ಟರೆ ಗಡ್ಡೆ ತಾತ್ಕಾಲಿಕವಾಗಿ ಕರಗುತ್ತದೆ, ಆಮೇಲೆ ಬಯಾಪ್ಸಿಯಲ್ಲೂ (ಚೂರು ತೆಗೆದು ಮಾಡುವ ಪರೀಕ್ಷೆ) ಸಿಗದೆ ಹೋಗಬಹುದು. ಹೊಟ್ಟೆಯ ಕ್ಷಯವಾಗಿದ್ದರೆ ಕೆರಳುತ್ತದೆ. ನಮ್ಮ ಕಡೆ ಈ ಎರಡನೆಯ ಭಯವೇನೂ ಸಣ್ಣದಲ್ಲ.

ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲು ಕೊಡುವ ಔಷಧಿ) ಹಾಕಿದ ಸಿ.ಟಿ.ಯೇ ಬೇಕು. ರಕ್ತನಾಳಗಳ ಸುತ್ತ ಕೊಬ್ಬಿನ ಉಂಗುರ ಉಳಿದಿದ್ದರೆ ಪ್ಯಾನಿಕ್ಯುಲೈಟಿಸ್ ಎನ್ನಲು ಬಲ ಬರುತ್ತದೆ. ದುಗ್ಧ ಗ್ರಂಥಿ 1 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಬೇರೆ ಕಡೆಯೂ ಗ್ರಂಥಿ ಊದಿದ್ದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ಬೆವರು, ಜ್ವರ ಇದ್ದರೆ ಬಯಾಪ್ಸಿ ಮುಂದೂಡಬೇಡಿ. ಸೂಜಿಯಲ್ಲಿ ಬರುವ ಚೂರು ಕೆಲವೊಮ್ಮೆ ಸಾಲದು, ಆಗ ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ತುಂಡು ತೆಗೆಯುವುದು. ತೆಗೆದ ತುಂಡಿನಲ್ಲಿ ಒಂದು ಪಾಲು ಕ್ಷಯದ ಸಿಬಿನ್ಯಾಟ್ (ಕ್ಷಯದ ಜೀನು ಹುಡುಕುವ ಪರೀಕ್ಷೆ) ಮತ್ತು ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಪರೀಕ್ಷೆಗೂ ಹೋಗಲಿ. ಎಲ್ಲವನ್ನೂ ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲಿ ಹಾಕಿಬಿಟ್ಟರೆ ಕಲ್ಚರ್ ಆಗದು.

ರೋಗ ಖಚಿತವಾಗಿ ತೊಂದರೆಯೂ ಹೆಚ್ಚಿದ್ದರೆ, ಸಾಮಾನ್ಯವಾಗಿ ಬೆಳಿಗ್ಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 40 ಮಿ.ಗ್ರಾಂ., ಜೊತೆಗೆ ಟ್ಯಾಮೊಕ್ಸಿಫೆನ್ 10 ಮಿ.ಗ್ರಾಂ. ದಿನಕ್ಕೆರಡು ಬಾರಿ ಕೊಡುತ್ತಾರೆ. ಮೊದಲನೆಯದನ್ನು ಸುಮಾರು ಮೂರು ತಿಂಗಳಲ್ಲಿ ಇಳಿಸುತ್ತ ಬರುತ್ತಾರೆ, ತಟ್ಟನೆ ನಿಲ್ಲಿಸಕೂಡದು. ಟ್ಯಾಮೊಕ್ಸಿಫೆನ್ ಸ್ತನ ಕ್ಯಾನ್ಸರ್‌ನ ಮಾತ್ರೆಯೆಂದು ಚೀಟಿ ನೋಡಿ ಗಾಬರಿಯಾಗಬೇಡಿ, ಇಲ್ಲಿ ಅದು ಗಟ್ಟಿಯಾಗುವುದನ್ನು ತಡೆಯಲಿಕ್ಕೆ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಿ.

ಬೆಳಿಗ್ಗೆ ನುಂಗಿದ ಸ್ಟೀರಾಯ್ಡ್ ಶುಗರ್ ಏರಿಸುವುದು ಮಧ್ಯಾಹ್ನ, ಸಂಜೆ. ಖಾಲಿಹೊಟ್ಟೆಯ ಲೆಕ್ಕವನ್ನೇ ನೆಚ್ಚಿದರೆ ಮೋಸಹೋಗುತ್ತೀರಿ. ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಕಳೆದ ಮೇಲೆ, ರಾತ್ರಿ ಊಟಕ್ಕೆ ಮೊದಲು ನೋಡಿ.

ಕರುಳು ಕಿರಿದಾಗಿದ್ದರೆ ನಾರಿನ ಸೊಪ್ಪು, ಸಿಪ್ಪೆಯ ಅವರೆಕಾಳು ಬಿಟ್ಟು, ಹಿದುಕಿದ ಬೇಳೆಯ ಸಾರನ್ನು ಸ್ವಲ್ಪ ಸ್ವಲ್ಪವೇ ಕೊಡಿ. ಹಸಿರು ವಾಂತಿಯಾಗಿ ಗಾಳಿ, ಮಲ ಎರಡೂ ನಿಂತರೆ ಬೆಳಗಾಗಲೆಂದು ಕಾಯದೆ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡಿ.

ತಜ್ಞರ ಬಳಿ ಹೋಗುವಾಗ ವರದಿಯ ಹಾಳೆಯೊಂದೇ ಸಾಲದು, ಸ್ಕ್ಯಾನಿನ ಸಿ.ಡಿ. ಒಯ್ಯಿರಿ. ಕಿಡ್ನಿ ಕಲ್ಲಿಗೋ ಮತ್ತೊಂದಕ್ಕೋ ವರ್ಷಗಳ ಹಿಂದೆ ಸಿ.ಟಿ. ಮಾಡಿಸಿದ್ದರೆ ಅದನ್ನೂ ಹುಡುಕಿ. ಇದೇ ಮಂಜು ಅಲ್ಲಿಯೂ ಇಷ್ಟೇ ಇದ್ದರೆ ಬಯಾಪ್ಸಿಯೇ ಬೇಡವಾಗಬಹುದು.